ಹೆಣ ಏಳಬಾರದು

ಇಷ್ಟು ವರ್ಷಗಳಲ್ಲಿ ನಾನು ನಮ್ಮ ನಟರನ್ನು ಬೇಡಿಕೊಂಡಿದ್ದು ಒಂದೇ: ಸತ್ತವನ ಪಾರ್ಟ್ ಮಾಡುವವರು ಕೊನೆಯ ಸೀನ್‌ವರೆಗೆ ಏಳಬಾರದು. ಇದೇನು ದೊಡ್ಡ ಡಿಮ್ಯಾಂಡೇ?

ನಂಜನಗೂಡಿನ ನಮ್ಮ ಪುಟ್ಟ ತಂಡ ಆಡುವುದು ಮೀಡಿವಲ್ ನಾಟಕಗಳನ್ನು. ಐದಾರು ಶತಮಾನದ ಹಿಂದೆ ಯೂರೋಪಿನ ಸಂತೆಗಳಲ್ಲಿ ಗಾಡಿಯ ಮೇಲೆ ನಿಂತು ಆಡುತ್ತಿದ್ದಂಥ ನಗೆಯಾಟದ ಫಾರ್ಸ್‌ಗಳನ್ನು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹಚ್ಚಿದ ಹುಚ್ಚು, ಎಪ್ಪತ್ತು ದಾಟಿದರೂ ಬಿಟ್ಟಿಲ್ಲ. ಅಲ್ಲಿ ಸಿಸ್ಟರ್ ಬೆರಳೆತ್ತಿದರೆ ಹಾಲ್‌ನಲ್ಲಿ ಉಸಿರಾಟವೂ ನಿಲ್ಲುತ್ತಿತ್ತು. ಆ ಕಾಲವೇ ಬೇರೆ.

ಆ ಧಾಟಿಯಲ್ಲಿ ನಾನೇ ಒಂದು ಫಾರ್ಸ್ ಬರೆದೆ. ಹೆಂಡತಿ ಅಳುತ್ತಾಳೋ ಇಲ್ಲವೋ ನೋಡೋಣವೆಂದು ಗಂಡ ಸತ್ತಂತೆ ಮಲಗುತ್ತಾನೆ. ಅವಳಿಗೆ ಗೊತ್ತಾಗಿಬಿಡುತ್ತದೆ. ಬೇಕೆಂದೇ ಚಟ್ಟ ಕಟ್ಟಿಸುತ್ತಾಳೆ, ಊರನ್ನೇ ಕರೆಸುತ್ತಾಳೆ. ಕೊನೆಗೆ ಹೆದರಿ ಎದ್ದು ಕೂತರೆ ಅವನನ್ನು ಯಾರೂ ನಂಬುವುದಿಲ್ಲ. “ಸುಮ್ನೆ ಮಲಗಿ, ಸತ್ತೋರು ಮಾತಾಡಬಾರದು” ಎನ್ನುತ್ತಾಳೆ. ಅಲ್ಲಿಗೆ ಪರದೆ. ನಡುವೆ ಒಮ್ಮೆ ಎದ್ದರೂ ಈ ಮಾತು ಸತ್ತಂತೆಯೇ.

ಗಂಡನ ಪಾರ್ಟ್ ಹುಲ್ಲಹಳ್ಳಿಯ ಕಬ್ಬು ಬೆಳೆಗಾರರೊಬ್ಬರದು. ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿದು ಹೆಸರು ಮಾಡಿದವರು. ಆ ನಾಟಕಗಳ ಪದ್ಧತಿ ಗೊತ್ತಲ್ಲ: ಪಾತ್ರಧಾರಿ ಯುದ್ಧದಲ್ಲಿರಲಿ, ಪ್ರಾಣವೇ ಬಿಡುತ್ತಿರಲಿ, ನೆಂಟರು ಹಾರ ತಂದರೆ ಹಾರ್ಮೋನಿಯಂ ನಿಲ್ಲುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಹಾರ ಹಾಕಿಸಿಕೊಂಡು, ಕೈಮುಗಿದು, ಆಮೇಲೆ ಸಾಯುವುದು. ನಂಜನಗೂಡಿನ ಶೋನಲ್ಲಿ ನಮ್ಮ ಹೆಣ ಹೀಗೆ ಎದ್ದೆದ್ದು ಸನ್ಮಾನ ಮಾಡಿಸಿಕೊಂಡಿತು. ಕೊನೆಯ ಸೀನಿನಲ್ಲಿ ಅವರು ಎದ್ದು ಕೂತಾಗ, ಹಾರ ಯಾರು ತಂದರೆಂದು ಜನ ಹಿಂದೆ ತಿರುಗಿ ನೋಡಿದರು. ಒಬ್ಬರೂ ನಗಲಿಲ್ಲ.

ಟಿ. ನರಸೀಪುರದ ಶೋಗೆ ಮುಂಚೆ ಅವರನ್ನು ಕೂರಿಸಿಕೊಂಡು ಹೇಳಿದೆ: “ಹಾರಗೀರ ಎಲ್ಲ ಕರ್ಟನ್ ಬಿದ್ದ ಮೇಲೆ. ಪ್ರಾಮಿಸ್ ಮಾಡಿ.”

“ಆಯ್ತು ಅಮ್ಮಾವ್ರೇ. ದೇವ್ರೇ ಬಂದು ಆರ ಆಕುದ್ರೂ ಏಳಾಕಿಲ್ಲ.”

ಆ ಸಂಜೆ ಅವರು ಬ್ಯೂಟಿಫುಲ್ ಆಗಿ ಸತ್ತರು. ಹೆಂಡತಿಯ ಪಾರ್ಟಿನ ಹುಡುಗಿ ಎದೆ ಬಡಿದುಕೊಂಡಳು. ಹಿಂದಿನ ಸಾಲಿನವರೂ ನಗುತ್ತಿದ್ದರು. ನಾನು ವಿಂಗ್‌ನಲ್ಲಿ ನಿಂತು ಸಿಸ್ಟರ್ ಕಲಿಸಿದ ಪ್ರೇಯರ್ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕವಲಂದೆಯ ಬೀಗರು, ಆ ಬೇಸಿಗೆಯಲ್ಲಷ್ಟೇ ನಮ್ಮ ಹೆಣದ ಮಗಳನ್ನು ಸೊಸೆಯಾಗಿ ತಂದುಕೊಂಡ ಮನೆಯವರು, ದೊಡ್ಡ ಸೇಬಿನ ಹಾರ ಹೊತ್ತು ಸ್ಟೇಜ್ ಹತ್ತಿದರು.

ಹತ್ತಿದವರು ನಿಂತುಬಿಟ್ಟರು. ಮಲಗಿದವರ ಮೇಲೆ ಹಾರ ಇಡುವುದು ಹೆಣಕ್ಕಲ್ಲವೇ?

“ಎದ್ದೇಳಿ ಬೀಗ್ರೇ.”

ಹೆಣ ಅಲುಗಲಿಲ್ಲ.

“ಎದ್ದೇಳಿ ಅಂದ್ರೆ! ಭಾರ ಕಣ್ರೀ, ಕೈ ಸೋಲ್ತಾ ಅವೆ.”

ರೆಪ್ಪೆಯೂ ಮಿಟುಕಲಿಲ್ಲ. ಇಷ್ಟು ವರ್ಷ ನಾನು ಬೇಡಿಕೊಂಡಿದ್ದು ಇಂಥ ಹೆಣಕ್ಕಾಗಿಯೇ. “ಕ್ಯಾರಿ ಆನ್, ಅಳು!” ಎಂದು ಹುಡುಗಿಗೆ ಪಿಸುಗುಟ್ಟಿದೆ. ಅವಳು ಗೋಳೋ ಎಂದಳು. ಬೀಗರ ಮುಖ ಕಪ್ಪಿಟ್ಟಿತು. ಹೆಂಗಸರ ಸಾಲಿನಿಂದ ನಮ್ಮ ಹೆಣದ ನಿಜವಾದ ಹೆಂಡತಿ ಎದ್ದು ನಿಂತರು.

“ಎದ್ದೇಳಿ ಅಂತೀನಿ! ಮುತ್ತೈದೆ ಕಣ್ರೀ ನಾನು! ಬೀಗ್ರು ಆರ ಇಡ್ಕಂಡ್ ನಿಂತವ್ರೆ, ಎಣದಂಗೆ ಬಿದ್ದಿದ್ದೀರಲ್ಲ!”

ಅವರು ಎದ್ದರು. ನನ್ನ ಕಡೆ ತಿರುಗಿ ಕೈಮುಗಿದು, ಬೀಗರ ಮುಂದೆ ತಲೆ ಬಗ್ಗಿಸಿದರು. ಶಿಳ್ಳೆ, ಚಪ್ಪಾಳೆ. ಹಿಂದಿನಿಂದ ಯಾರೋ ಕೂಗಿದರು: “ಒನ್ಸ್ ಮೋರ್! ಇನ್ನೊಂದ್ಸಲ ಸಾಯಣ್ಣೋ!”

ಸತ್ತರು, ಸೇಬಿನ ಸಮೇತ. ಅಳಲು ಬಗ್ಗಿದ ಹುಡುಗಿ ನಕ್ಕುಬಿಟ್ಟಳು. ನಾನು ಕರ್ಟನ್ ಇಳಿಸಲು ಹೇಳಿದೆ. ಕೊನೆಯ ಸೀನ್ ಆಡಲೇ ಇಲ್ಲ. ಕೇಳಿದವರೂ ಯಾರೂ ಇಲ್ಲ. ನಾಟಕ ಫಸ್ಟ್ ಕ್ಲಾಸ್ ಎಂದು ಹೇಳಿಕೊಂಡು ಹೋದರು.

ವ್ಯಾನ್‌ನಲ್ಲಿ ವಾಪಸ್ ಬರುವಾಗ ಅವರು ಹಾರದಿಂದ ಒಂದು ಸೇಬು ಕಿತ್ತು ನನ್ನ ಕೈಗಿಟ್ಟರು.

“ಬ್ಯಾಸ್ರ ಮಾಡ್ಕಬ್ಯಾಡಿ ಅಮ್ಮಾವ್ರೇ. ಆದ್ರೂ ಎಷ್ಟೊತ್ತು ತಡ್ಕಂಡಿದ್ದೆ, ನೋಡುದ್ರಾ?”

ನೋಡಿದ್ದೆ. ಅಷ್ಟು ಚೆನ್ನಾಗಿ ಅವರು ಎಂದೂ ಸತ್ತಿರಲಿಲ್ಲ. ಸೇಬನ್ನು ಮಾತ್ರ ನಾನು ತಿನ್ನಲಿಲ್ಲ.