ಎಷ್ಟು ಜನ, ಎಲ್ಲಿ ಕೂರ್ತಾರೆ?

ಹೊಲಿಗೆ ಬಿಟ್ಟು ಹನ್ನೆರಡು ವರ್ಷವಾಗಿದ್ದರೂ ಖಲೀಲ್ ಸಾಹೇಬರ ಕೊರಳಿನಿಂದ ಅಳತೆ ಟೇಪು ಇಳಿದಿರಲಿಲ್ಲ. ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರದೊಂದು ಸ್ಟೇಷನರಿ ಅಂಗಡಿ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಹೋದಾಗ ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ, ಅದರ ಮೇಲೆಯೇ ನೋಟ್‌ಬುಕ್ಕು, ಪೆನ್ನು, ರಟ್ಟು, ಹಗ್ಗ ಜೋಡಿಸಿ ಹೊಸ ವ್ಯಾಪಾರ ಶುರುಮಾಡಿದ್ದರು. ಕಸುಬು ಬದಲಾಯಿತೇ ಹೊರತು ಬುದ್ಧಿ ಬದಲಾಗಲಿಲ್ಲ. ಅಳತೆ ತೆಗೆದುಕೊಳ್ಳದೆ ಅವರು ಯಾರಿಗೂ ಒಂದು ಪೆನ್ಸಿಲನ್ನೂ ಕೊಡುತ್ತಿರಲಿಲ್ಲ.

ನಾನು ಅಲ್ಲಿಗೆ ಮೊದಲು ಹೋದದ್ದು ದೊಡ್ಡ ಗತ್ತಿನಲ್ಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ, ತೆಂಗು ಬೆಳೆಗಾರರಿಗೆ ತರಬೇತಿ ಕೊಡುವ ಸಂಸ್ಥೆಯೊಂದರಲ್ಲಿ ‘ಕಾರ್ಯಾಗಾರ ಸಂಯೋಜಕ’ ಎಂಬ ಪದವಿ ಪ್ರಾಪ್ತವಾಗಿತ್ತು. ಪಟ್ಟಾಭಿಷೇಕಕ್ಕೆ ಹೊರಟವನ ಹಾಗೆ ಸಾಮಗ್ರಿಗಳ ಪಟ್ಟಿ ಹಿಡಿದು ನಿಂತು ಓದಿದೆ: ಬಿಳಿ ಚಾರ್ಟು ಇಪ್ಪತ್ತು, ಮಾರ್ಕರ್ ಪೆನ್ನು ಒಂದು ಡಜನ್, ಫೈಲು ನಲವತ್ತು.

ಸಾಹೇಬರು ಅಲ್ಲಾಡಲಿಲ್ಲ. “ಎಷ್ಟು ಜನ?” ಎಂದರು.

“ನಲವತ್ತು.”

“ಎಲ್ಲಿ ಕೂರ್ತಾರೆ?”

“ಸಮುದಾಯ ಭವನದಲ್ಲಿ. ಜಮಖಾನದ ಮೇಲೆ.”

“ಕನ್ನಡಕ ಹಾಕೋರು ಎಷ್ಟು ಜನ? ಬರೆಯೋ ಅಭ್ಯಾಸ ಇರೋರು?”

ನನಗೆ ಗೊತ್ತಿರಲಿಲ್ಲ. ಸಾಹೇಬರು ಟೇಪಿನ ಎರಡು ತುದಿಗಳನ್ನೂ ಹಿಡಿದು ಜಗ್ಗಿಕೊಂಡರು. “ಅಳತೆನೇ ತರ್ದೆ ಜುಬ್ಬ ಹೊಲೀರಿ ಅಂದಂಗಾಯ್ತಲ್ಲ ಮೇಷ್ಟ್ರೇ!”

ಆಮೇಲೆ ನನ್ನ ಪಟ್ಟಿಯ ವಿಚಾರಣೆ ನಡೆಯಿತು. ಬಿಳಿ ಚಾರ್ಟು ತಿರಸ್ಕೃತ. “ಅಷ್ಟು ಬೆಳ್ಳಗಿದ್ರೆ ಎಲ್ಲಿ ಕೊಳೆ ಆಯ್ತದೋ ಅಂತ ಯಾರೂ ಕೈ ಇಕ್ಕಲ್ಲ. ಪುಸ್ತಕಕ್ಕೆ ಹಾಕೋ ಖಾಕಿ ಕಾಗದ ತಗಳ್ಳಿ. ಇದ್ರ ಮುಂದೆ ಯಾರಿಗೂ ಹೆದ್ರಿಕೆ ಇಲ್ಲ.” ಮಾರ್ಕರೂ ತಿರಸ್ಕೃತ. “ಮುಚ್ಚಳ ತೆಗೆದಿಟ್ಟು ಮಾತಿಗೆ ಕೂತ್ರೆ ಒಣಗೋಯ್ತದೆ. ನಮ್ ಜನ ಮಾತಿಗೆ ಕೂರದೆ ಇರ್ತಾರಾ? ಈ ದಪ್ಪ ಕ್ರೇಯಾನು ಹಿಡೀರಿ.” ಫೈಲಿನ ಮಾತೆತ್ತಿದ್ದಕ್ಕಂತೂ ನಕ್ಕೇಬಿಟ್ಟರು. “ಫೈಲು ಕೊಟ್ರೆ ತೊಡೆ ಮೇಲೆ ಇಟ್ಕಂಡು ಬೀಗರ ಮನೆಗೆ ಬಂದಂಗೆ ಕೂರ್ತಾರೆ, ಅಷ್ಟೇ.” ಚಾರ್ಟು ನಿಲ್ಲಿಸುವ ಸ್ಟ್ಯಾಂಡಿಗೆ ಬದಲಾಗಿ ನಾರಿನ ಹಗ್ಗ, ಬಟ್ಟೆ ಒಣಗಿಸುವ ಕ್ಲಿಪ್ಪು.

ಕೊನೆಗೆ ನಾನೇ ಸೋತು, “ಒಬ್ಬಿಬ್ಬರೇ ಮಾತಾಡ್ತಾರೆ, ಉಳಿದವರು ತೂಕಡಿಸ್ತಾರೆ. ಅದಕ್ಕೇನಾದ್ರೂ ಇದೆಯಾ ನಿಮ್ಮ ಅಂಗಡೀಲಿ?” ಎಂದೆ. ಸಾಹೇಬರು ಹೊಲಿಗೆ ಯಂತ್ರದ ಕೆಳಗಿನಿಂದ ಒಂದು ಸುಲಿದ ಒಣಕಾಯಿ ತೆಗೆದರು. ಅಟ್ಟದ ಮೇಲೆ ವರ್ಷವಿಡೀ ಕೂತು, ನೀರು ಹಿಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟ ಕಾಯಿ. ಅಲ್ಲಾಡಿಸಿದರೆ ಲೊಡಲೊಡ.

“ಇದು ಕೈಲಿದ್ದೋರು ಮಾತಾಡಬೇಕು. ಬೇರೆಯೋರು ಸುಮ್ಮನಿರಬೇಕು. ಮಾತಾಡದೆ ಮುಂದಕ್ಕೆ ಕೊಡಂಗಿಲ್ಲ. ಮೂರೇ ಕಾನೂನು.”

ತುರುವೇಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ಪ್ರಥಮ ಪ್ರಯೋಗ. ವಿಷಯ: ಕೊಬ್ಬರಿಯನ್ನು ಗುಂಪಾಗಿ ಮಾರುವುದು ಹೇಗೆ. ಕಾಯಿಯನ್ನು ಮೊದಲ ಸಾಲಿನ ಹಿರಿಯರ ಕೈಗೆ ಗಂಭೀರವಾಗಿ ಇತ್ತೆ. ಅವರು ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, “ಇನ್ನೊಂದ್ ತಿಂಗಳು ಬೇಕಾಗಿತ್ತು,” ಎಂದರು. ಪಕ್ಕದವನು ಕಸಿದುಕೊಂಡು, “ಏನ್ ಬೇಕಾಗಿತ್ತು ಕಣಪ್ಪ? ಸರಿಯಾಗೇ ಐತೆ,” ಎಂದ. ಹಿಂದಿನಿಂದ ಒಬ್ಬ ಹೆಂಗಸು ಕೈ ಚಾಚಿ, “ಇಲ್ ಕೊಡ್ರೀ. ಇದು ನೀರು ಕಂಡ ತೋಟದ ಕಾಯೇ ಅಲ್ಲ ಬುಡಿ,” ಎಂದಳು. ಒಂದೂವರೆ ಗಂಟೆ ಕಳೆಯಿತು. ನಲವತ್ತೂ ಜನ ಮಾತಾಡಿದರು, ಮಾತಾಡದೆ ಉಳಿದವನು ನಾನೊಬ್ಬನೇ. ವ್ಯಾಜ್ಯ ಇತ್ಯರ್ಥವಾಗದೆ, ಸಭೆಯು ತರಬೇತಿ ಸಾಮಗ್ರಿಯನ್ನು ಮೆಟ್ಟಿಲಿಗೆ ಹೊಡೆದು, ಹೋಳು ಮಾಡಿ, ತಿಂದು ಮುಗಿಸಿತು.

ಕೋಪದಿಂದ ಅಂಗಡಿಗೆ ಬಂದು ವರದಿ ಒಪ್ಪಿಸಿದೆ. ಸಾಹೇಬರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ನಲವತ್ತೂ ಜನ ಬಾಯಿ ಬಿಟ್ರಲ್ಲ ಮೇಷ್ಟ್ರೇ, ಇನ್ನೇನ್ ಬೇಕು? ತಪ್ಪು ನಂದು. ಅಳತೆ ಕಮ್ಮಿ ಆಯ್ತು. ನಾಳೆ ಎರಡು ಕಾಯಿ ತಗಂಡೋಗಿ. ಒಂದು ಒಡೆಯಕ್ಕೆ, ಇನ್ನೊಂದು ಮಾತಿಗೆ.”

ಹಾಗೇ ಮಾಡಿದೆ. ಮೊದಲ ಕಾಯಿಯ ಜಗಳ ಮುಗಿದು, ಬಾಯಿಗೆ ಒಂದು ಚೂರು ಕೊಬ್ಬರಿ ಬಿದ್ದ ಮೇಲೆ, ಎರಡನೆಯ ಕಾಯಿ ಹಿಡಿದು ಜನ ಎಂದೂ ಹೇಳದ ಮಾತು ಹೇಳಿದರು. ಖಾಕಿ ಕಾಗದದ ಮೇಲೆ ತೋಟ ಬರೆದರು, ಹುಳ ಬಿದ್ದ ಮರಗಳಿಗೆ ಗುರುತು ಹಾಕಿದರು. ಸುತ್ತಲಿನ ಮೂರು ತಾಲ್ಲೂಕುಗಳಲ್ಲಿ ನನ್ನ ಕಾರ್ಯಾಗಾರಗಳಿಗೆ ಹೆಸರು ಬಂತು. ಹೆಸರು ನನಗೆ ಬಂತು ಎಂಬುದನ್ನು ಓದುಗರು ಗಮನಿಸಬೇಕು.

ತುಮಕೂರಿನಲ್ಲಿ ಸಂಸ್ಥೆಯವರು ಸಮಾವೇಶ ಮಾಡಿ ಅನುಭವ ಹೇಳಲು ನನ್ನನ್ನು ಕರೆದರು. ನಾನು ಸಾಹೇಬರಿಗೆ, “ನೀವೂ ಬರಬೇಕು. ನಿಮ್ಮ ಹೆಸರು ಹೇಳಿ ವೇದಿಕೆಗೆ ಕರೀತೀನಿ,” ಎಂದು ಮಾತು ಕೊಟ್ಟೆ. ಅವರು ಅಂಗಡಿ ಮುಚ್ಚಿದರು. ಮಗಳು ನಸೀಮಾಳ ಮದುವೆಗೆಂದು ತಾವೇ ಹೊಲಿದುಕೊಂಡಿದ್ದ ಶೇರ್ವಾನಿ ತೊಟ್ಟರು. ಟೇಪನ್ನು ಮಡಿಸಿ ಜೇಬಿಗಿಟ್ಟರು. ಕೈಚೀಲದಲ್ಲಿ ಎರಡು ಕಾಯಿ. “ಆರಿಸಿದ್ದು. ಸದ್ದು ಹಿಂದಿನ ಸಾಲಿಗೂ ಕೇಳ್ತದೆ,” ಎಂದರು. ರೈಲಿನಲ್ಲಿ ಇಡೀ ದಾರಿ ಆ ಚೀಲವನ್ನು ಕೆಳಗಿಡಲಿಲ್ಲ.

ವೇದಿಕೆಯ ಮೇಲೆ ನಲವತ್ತು ನಿಮಿಷ ಮಾತಾಡಿದೆ. ಪರದೆಯ ಮೇಲೆ ಚಿತ್ರ ತೋರಿಸಿದೆ. ಅವರ ಕಾಯಿಯನ್ನೇ ಅಲ್ಲಾಡಿಸಿ ಚಪ್ಪಾಳೆ ಗಿಟ್ಟಿಸಿದೆ. ಮುಖ್ಯ ಅತಿಥಿಗಳು ಬಹಳ ಮೆಚ್ಚಿ, “ಇಷ್ಟು ಸರಳವಾದ ಉಪಾಯ ನಿಮಗೆ ಹೊಳೆದದ್ದು ಹೇಗೆ?” ಎಂದು ಕೇಳಿದರು.

ಮೂರನೆಯ ಸಾಲಿನಲ್ಲಿ ಸಾಹೇಬರು ನೆಟ್ಟಗೆ ಕೂತು ಶೇರ್ವಾನಿಯ ಮುಂಭಾಗವನ್ನು ಸವರಿಕೊಂಡರು. ಅದನ್ನು ನಾನು ನೋಡಿದೆ. ನೋಡಲಿಲ್ಲ ಎನ್ನುವ ಅನುಕೂಲ ನನಗಿಲ್ಲ.

“ಮೂವತ್ತು ವರ್ಷದ ಬೋಧನೆಯ ಅನುಭವ,” ಎಂದೆ.

ಶಾಲು ಹೊದಿಸಿದರು. ಕೆಳಗಿಳಿದಾಗ ಅತಿಥಿಗಳು ಸಾಹೇಬರತ್ತ ತಿರುಗಿ, “ಇವರು?” ಎಂದರು. ಸರಿಮಾಡಿಕೊಳ್ಳಲು ಎರಡನೆಯ ಅವಕಾಶ. ಅದನ್ನೂ ನಾನು ಶ್ರದ್ಧೆಯಿಂದ ಹಾಳುಮಾಡಿದೆ. “ನಮಗೆ ಸಾಮಾನು ಒದಗಿಸುವವರು,” ಎಂದೆ.

ಸಾಹೇಬರು ಕೈ ಮುಗಿದರು. “ಹೌದು ಸಾರ್. ಸಾಮಾನು ನಮ್ಮಂಗ್ಡೀದೇ.” ಆ ಮಾತಿನಲ್ಲಿ ಒಂದಿಷ್ಟಾದರೂ ಕುಹಕವಿದ್ದಿದ್ದರೆ ನಾನು ಇಂದು ನೆಮ್ಮದಿಯಾಗಿರುತ್ತಿದ್ದೆ.

ವಾರ ಕಳೆದು ಶಾಲನ್ನು ಅಂಗಡಿಗೆ ಒಯ್ದೆ. “ಇದು ನಿಮಗೆ ಸೇರಬೇಕಾದ್ದು ಸಾಹೇಬ್ರೇ.” ಅವರು ಶಾಲನ್ನು ಹರಡಿ, ಟೇಪು ಹಿಡಿದು ಉದ್ದ ಅಳೆದರು, ಅಗಲ ಅಳೆದರು. “ಬಟ್ಟೆ ಚೆನ್ನಾಗೈತೆ. ನಂಗೆ ಉದ್ದ ಆಯ್ತದೆ,” ಎಂದು, ಅಂಗಡಿಯವರು ಮಡಿಸುವಂತೆ ನೀಟಾಗಿ ಮಡಿಸಿ ಕೊಟ್ಟರು.

ಅಂದಿನಿಂದ ಅವರು ನನ್ನನ್ನು ಏನೂ ಕೇಳಲಿಲ್ಲ. ಹಗ್ಗ ಎಂದರೆ ಹಗ್ಗ, ಕಾಗದ ಎಂದರೆ ಕಾಗದ. ಮೊದಮೊದಲು ಇದು ನನ್ನ ಭ್ರಮೆ ಎಂದುಕೊಂಡೆ. ಪರೀಕ್ಷಿಸಲೆಂದು ಒಂದು ದಿನ ಬೇಕೆಂದೇ ಹಳೆಯ ಪಟ್ಟಿಯನ್ನು ಓದಿದೆ: ಬಿಳಿ ಚಾರ್ಟು ಇಪ್ಪತ್ತು, ಮಾರ್ಕರ್ ಪೆನ್ನು ಒಂದು ಡಜನ್, ಫೈಲು ನಲವತ್ತು. ಈಗ ಬೈಯುತ್ತಾರೆ, ನಗುತ್ತಾರೆ, ಆಗ ನಾನು ಕ್ಷಮೆ ಕೇಳಿಬಿಡುತ್ತೇನೆ ಎಂದು ಗಂಟಲು ಸರಿಮಾಡಿಕೊಂಡು ನಿಂತೆ. ಸಾಹೇಬರು ಸ್ಟೂಲು ಹತ್ತಿ ಎಲ್ಲವನ್ನೂ ಇಳಿಸಿ, ಧೂಳು ಒರೆಸಿ, ಕಟ್ಟು ಕಟ್ಟಿದರು.

“ಇನ್ನೇನಾದ್ರೂ ಬೇಕಾ ಸಾರ್?”

ಮೇಷ್ಟ್ರು ಹೋಗಿ ಸಾರ್ ಆಗಿದ್ದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಒಂದು ಪೆನ್ನು ಕೇಳಿದಳು. “ಸಹಿ ಹಾಕಕ್ಕೇನಮ್ಮಾ, ದಿನಾ ಬರೆಯಕ್ಕಾ? ಕೈ ತೋರ್ಸು, ಹಿಡ್ತ ನೋಡ್ತೀನಿ,” ಎಂದರು ಸಾಹೇಬರು. ನಾನು ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗಲ್ಲಿಯಿಂದ ಹೊರಬಿದ್ದೆ. ಎರಡು ತಿಂಗಳಿಗೆ ಅವರು ತೀರಿಕೊಂಡರು. ಆ ಚಾರ್ಟುಗಳು ಬೀರುವಿನಲ್ಲಿ ಬೆಳ್ಳಗೆ ಹಾಗೇ ಇವೆ. ಮಾರ್ಕರುಗಳು ಮುಚ್ಚಳ ತೆಗೆಯದೆಯೇ ಒಣಗಿದವು.

ಮೊನ್ನೆ ಹುಳಿಯಾರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕಾರ್ಯಾಗಾರವಿತ್ತು. ಮೊದಲ ಕಾಯಿ ಒಡೆದಾಗಿತ್ತು. ಎರಡನೆಯದು ಒಬ್ಬ ಅಜ್ಜಿಯ ಕೈಗೆ ಬಂತು. ಆಕೆ ಅದನ್ನು ಅಲ್ಲಾಡಿಸಿ, “ಈ ಕಾಯಾಟ ನಿಮ್ಗೆ ಯಾರ್ ಹೇಳ್ಕೊಟ್ಟಿದ್ದು ಸಾಮಿ?” ಎಂದರು.

“ತಿಪಟೂರಿನ ಖಲೀಲ್ ಸಾಹೇಬರು,” ಎಂದೆ. ಎಷ್ಟು ಸಲೀಸಾದ ಮಾತು. ಒಂದೇ ಉಸಿರಿನಲ್ಲಿ ಮುಗಿದುಹೋಯಿತು.

“ಅವ್ರನ್ನೂ ಒಂದ್ಸಲ ಕರ್ಕಂಬಂದು ಎಲ್ಲಾರ್ಗೂ ತೋರ್ಸೋದಲ್ವಾ?” ಎಂದು ಅಜ್ಜಿ ಕಾಯಿಯನ್ನು ನನ್ನ ಕೈಗಿಟ್ಟರು.

ನಲವತ್ತು ಜನ ಕಾನೂನಿನಂತೆ ಸುಮ್ಮನೆ ಕೂತು ನನ್ನನ್ನೇ ನೋಡಿದರು. ನಾನು ಮಾತಾಡದೆ ಕಾಯಿಯನ್ನು ಪಕ್ಕದವರಿಗೆ ಕೊಟ್ಟುಬಿಟ್ಟೆ.