ಹಲಸಿನ ಮೇಣ ಮತ್ತು ಅಮ್ಮನ ಕಣ್ಣು

ಯುದ್ಧದ ಆ ವರ್ಷಗಳಲ್ಲಿ ಕಾರು ಇದ್ದವನೆಂದರೆ ಊರಿನವರ ಲೆಕ್ಕದಲ್ಲಿ ಸುಖಪುರುಷ. ನನ್ನಲ್ಲಿ ಕಾರಿತ್ತು; ಆದ್ದರಿಂದ ನಾನು ಬಹಳ ನಡೆಯುತ್ತಿದ್ದೆ. ಕೊಡಿಯಾಲ್‌ಬೈಲಿನ ಮನೆಯಿಂದ ಕೋರ್ಟಿಗೆ ನಡೆದು, ಕೋರ್ಟಿನಿಂದ ಮನೆಗೆ ನಡೆದು, ಕರಿಕೋಟು ಕಳಚಿ, ಕತ್ತಲಾಗುವವರೆಗೆ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿ ನಿಲ್ಲುತ್ತಿದ್ದೆ. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಅದನ್ನು ನನಗೆ ಮಾರಿ, ಕೈಕುಲುಕಿ, ಸ್ವಲ್ಪ ಅವಸರದಿಂದಲೇ ಹಡಗು ಹತ್ತಿದ್ದ. ಆ ಅವಸರದ ಅರ್ಥ ನನಗೆ ನಿಧಾನವಾಗಿ ತಿಳಿಯುತ್ತ ಬಂತು.

ಅಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕೈ ಈಗ ಗೋಡೆ ತಡವುತ್ತಿತ್ತು. ಕಂಕನಾಡಿಯ ಆಸ್ಪತ್ರೆಯಲ್ಲಿ ಪೊರೆ ತೆಗೆಯುತ್ತಾರೆ ಎಂದು ನಾನು ಮೂರು ವರ್ಷ ವಾದಿಸಿದೆ. ಕೋರ್ಟಿನಲ್ಲಿ ನಾನು ಗೆದ್ದ ಕೇಸುಗಳುಂಟು. ಅಮ್ಮನ ಮುಂದೆ ವಾಯಿದೆಯ ಹೊರತು ಏನೂ ಸಿಕ್ಕಿದ್ದಿಲ್ಲ. ಕೊನೆಗೊಂದು ದಿನ ಅವರೇ ತೀರ್ಪು ಕೊಟ್ಟರು.

“ಆಯಿತು ಮಗ, ಬರ್ತೇನೆ. ಆದರೆ ನಿನ್ನ ಕಾರಿನಲ್ಲಿ. ಎಲ್ಲಿಯೂ ನಿಲ್ಲದೆ ಹೋದರೆ ಕಣ್ಣು ಕೊಯ್ಯಿಸಿಕೊಳ್ತೇನೆ. ದಾರಿಯಲ್ಲಿ ನಿಂತಿತೋ, ಅಲ್ಲಿಂದಲೇ ಮನೆಗೆ. ಮತ್ತೆ ಈ ಮಾತು ಎತ್ತಲಿಕ್ಕಿಲ್ಲ.”

ಅಮ್ಮ ಕಾರನ್ನು ಬಲ್ಲವರು. ಬರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಮರ್ಯಾದೆಯ ದಾರಿ ಅವರಿಗೆ ಸಿಕ್ಕಿರಲಿಲ್ಲ.

ಡಾಕ್ಟರರು ಗುರುವಾರ ಬೆಳಿಗ್ಗೆ ಕರೆತರಲು ಹೇಳಿದರು. ಬುಧವಾರ ಸಂಜೆ ಕಾರು ಅಂಗಳ ದಾಟುವಷ್ಟರಲ್ಲಿ ಮೂರು ಸಲ ಕೆಮ್ಮಿ ನಿಂತಿತು. ರೋಗ ಪೆಟ್ರೋಲ್ ಸೋಸುವ ಫಿಲ್ಟರಿನದ್ದು. ಒಂದು ಗಾಜಿನ ಬಟ್ಟಲು, ಅದರ ಬಾಯಿಗೊಂದು ಹಿತ್ತಾಳೆಯ ಜಾಲರಿ, ಸೋರದಂತೆ ನಡುವೆ ಒಂದು ಕಾರ್ಕಿನ ಉಂಗುರ: ಇಷ್ಟೇ ಅದರ ಸಂಸಾರ. ಜಾಲರಿ ಹರಿದು ಕಸವೆಲ್ಲ ಒಳಗೆ ಹೋಗಿತ್ತು. ಮುಟ್ಟಿದ ಕೂಡಲೇ ಉಂಗುರವೂ ಪುಡಿಯಾಯಿತು.

“ಎಂತ ವಕೀಲ್ರೇ, ಪುನಃ ಪೋಸ್ಟ್‌ಮಾರ್ಟಮಾ?”

ಬೇಲಿಯಾಚೆಯಿಂದ ನೆರೆಮನೆಯ ಪೊರ್ಬುಗಳು ಕೇಳಿದರು. ಕ್ರೈಸ್ತ ಗಂಡಸರನ್ನು ನಾವು ಕರೆಯುವುದು ಹಾಗೆಯೇ. ಅವರು ಹಂಚಿನ ಕಾರ್ಖಾನೆಯಲ್ಲಿ ಫಿಟ್ಟರು. ತಿರುಗುವ ಯಾವ ವಸ್ತುವೂ ತಮ್ಮ ಮಾತು ಮೀರುವುದಿಲ್ಲ ಎಂಬ ನಂಬಿಕೆಯವರು.

“ಹೊಸ ಫಿಲ್ಟರು ಬೇಕು ಪೊರ್ಬುಗಳೇ. ನಾಳೆ ಬೆಳಿಗ್ಗೆಗೆ.”

“ಹೊಸದು ಮದ್ರಾಸಿನಿಂದ ಬರಬೇಕು. ಮದ್ರಾಸಿಗೆ ವಿಲಾಯಿತಿಯಿಂದ. ವಿಲಾಯಿತಿಯಿಂದ ಈಗ ಬರುವುದು ಬಾಂಬಿನ ಸುದ್ದಿ ಮಾತ್ರ, ಮಾರಾಯ್ರೇ. ನಿಲ್ಲಿ.”

ಹೋದವರು ತಮ್ಮ ಮನೆಯ ಚಹಾ ಸೋಸುವ ಜಾಲರಿ ಹಿಡಿದು ಬಂದರು. ಹಿಂದಿನಿಂದ ಅವರ ಹೆಂಡತಿ ಕೊಂಕಣಿಯಲ್ಲಿ ದೀರ್ಘವಾಗಿ ಏನೋ ಹೇಳಿದರು. ಪೊರ್ಬುಗಳು ಅದನ್ನು ನನಗೆ ಅನುವಾದಿಸಲಿಲ್ಲ. ಜಾಲರಿಯನ್ನು ದುಂಡಗೆ ಕತ್ತರಿಸಿ ಕೂರಿಸಿದೆವು. ನನ್ನ ಹಳೆಯ ಚಪ್ಪಲಿಯ ತೊಗಲಿನಿಂದ ಉಂಗುರ ಮಾಡಿದೆವು. ತೊಟ್ಟಿಕ್ಕುವುದು ನಿಲ್ಲಲಿಲ್ಲ. ಬಿಗಿದಷ್ಟೂ ತೊಟ್ಟಿಕ್ಕಿತು.

ಆಗ ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ಹಲಸಿನ ಮೇಣ!

ನಮ್ಮ ಕಡೆ ಹಣ್ಣು ಕೊಯ್ದಾಗ ಬಂದ ಮೇಣವನ್ನು ಯಾರೂ ಎಸೆಯುವುದಿಲ್ಲ. ಕೋಲಿಗೆ ಸುತ್ತಿ ಅಟ್ಟದಲ್ಲಿ ಸಿಕ್ಕಿಸಿಡುತ್ತಾರೆ. ಕೊಡಪಾನ ಸೋರಿದರೆ, ಬಕೇಟು ತೂತಾದರೆ, ಕತ್ತಿಯ ಹಿಡಿ ಕಳಚಿದರೆ, ಅದನ್ನು ಬೆಂಕಿಗೆ ಹಿಡಿದು ಮೆತ್ತಿದರಾಯಿತು. ಸೋರುವ ವಸ್ತು ಯಾವುದಿದ್ದರೂ ಔಷಧ ಒಂದೇ.

ಬೆಂಕಿಯ ಹತ್ತಿರ ಪೆಟ್ರೋಲು ಒಯ್ಯಬಾರದು ಎಂಬಷ್ಟು ವಿಜ್ಞಾನ ನಮಗೆ ತಿಳಿದಿತ್ತು. ಆದ್ದರಿಂದ ಬಟ್ಟಲನ್ನು ತೊಳೆದು, ಒರೆಸಿ, ಒಣಗಿಸಿ, ಅಡುಗೆಮನೆಗೆ ಒಯ್ದು ಶಾಸ್ತ್ರೋಕ್ತವಾಗಿ ಮೇಣ ಕಾಯಿಸಿ ಉಂಗುರದ ಸುತ್ತ ಮೆತ್ತಿದೆವು. ಅಲ್ಲಿಗೆ ನಮ್ಮ ವಿಜ್ಞಾನ ಮುಗಿಯಿತು.

“ಮೇಣದ ಕೋಲು ಎಂತಕ್ಕೆ ಮಗ?” ವಾಸನೆ ಹಿಡಿದು ಅಮ್ಮ ಚಾವಡಿಯಿಂದ ಕೇಳಿದರು.

“ಒಂದು ಕಡೆ ಸೋರುವುದುಂಟು.”

“ಒಂದೇ ಕಡೆಯಾ?”

ಫಿಲ್ಟರು ಕೂರಿಸಿ ನೋಡಿದರೆ ಒಂದು ಹನಿಯೂ ಇಲ್ಲ. ಎಂಜಿನು ಒಂದೇ ತಿರುವಿಗೆ ಎದ್ದಿತು. ಪೊರ್ಬುಗಳು ಕೈ ಒರೆಸಿಕೊಳ್ಳುತ್ತ ಕಾರಿಗೆ ಒಂದು ಸುತ್ತು ಬಂದರು. ನಾನು ಊಟ ಮಾಡಿದ ನೆನಪಿಲ್ಲ. ಮಲಗಿದ್ದು ಮಾತ್ರ ನೆನಪಿದೆ.

ಬೆಳಿಗ್ಗೆ ಅಮ್ಮನನ್ನು ಮುಂದೆ ಕೂರಿಸಿ ಹೊರಟೆ. ಪೊರ್ಬುಗಳು ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಹಿಂದೆ ಕುಳಿತರು. ಕಾರು ಎಂದೂ ಓಡದ ಹಾಗೆ ಓಡಿತು. ಅಮ್ಮನ ಮುಖದಲ್ಲಿ ಕಳವಳ ಕಾಣಿಸಿತು. ಷರತ್ತು ತಮಗೇ ತಿರುಗಿ ಬರುತ್ತಿದೆಯಲ್ಲ ಎಂಬ ಕಳವಳ. ಗುಡ್ಡದ ಏರಿನ ಅರ್ಧದಲ್ಲಿ ಎಂಜಿನು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು.

ಪೊರ್ಬುಗಳು ಎದೆಯ ಮೇಲೆ ಶಿಲುಬೆ ಗುರುತು ಎಳೆದುಕೊಂಡು ಇಳಿದರು. ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿ ನೋಡಿದರೆ ಬಟ್ಟಲೊಳಗಿನ ಪೆಟ್ರೋಲು ಕಷಾಯದ ಬಣ್ಣಕ್ಕೆ ತಿರುಗಿದೆ, ಜಾಲರಿಯ ಮೇಲೆ ಅಂಟು ನೂಲುನೂಲಾಗಿ ಮೆತ್ತಿದೆ.

“ಎಂತ ಆಯಿತು?” ಅಮ್ಮ ಕೂತಲ್ಲಿಂದಲೇ ಕೇಳಿದರು.

“ಮೇಣ ಕರಗಿದೆ ಅಮ್ಮ. ಫಿಲ್ಟರಿಗೆ ಮೆತ್ತಿದ್ದು.”

ಅಮ್ಮ ಮುಖವನ್ನು ನನ್ನ ದನಿಯ ಕಡೆಗೆ ತಿರುಗಿಸಿದರು.

“ಹಲಸಿನ ಹಣ್ಣು ಕೊಯ್ದ ಕತ್ತಿಯ ಮೇಣ ಎಂತದರಲ್ಲಿ ತೆಗೆಯುವುದು ಮಗ?”

“ಚಿಮಿಣಿ ಎಣ್ಣೆಯಲ್ಲಿ.”

“ನಿನ್ನ ಗಾಡಿ ಕುಡಿಯುವುದು ಎಂತ?”

ನಾನು ಬಾನೆಟ್ಟಿನೊಳಗೆ ಪುನಃ ತಲೆ ಹಾಕಿದೆ. ಪೊರ್ಬುಗಳು ತಮ್ಮ ಸ್ಪ್ಯಾನರನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

“ಅದರ ತಮ್ಮನೇ ಅಲ್ವಾ? ಒಬ್ಬ ವಕೀಲ, ಒಬ್ಬ ಫಿಟ್ಟರು. ನಾಲ್ಕು ಕಣ್ಣು. ಒಂದಕ್ಕೂ ಕಾಣ್ಲಿಲ್ವಾ?”

ಬಾಗಿಲು ತಡವಿ ತೆರೆದು ಅವರು ರಸ್ತೆಗಿಳಿದರು. ಮೂರು ವರ್ಷದ ವಾದ ಅಲ್ಲಿ, ಆ ಏರಿನಲ್ಲಿ, ಮಣ್ಣುಪಾಲಾಯಿತೆಂದು ನಾನು ಮೈಲಿಕಲ್ಲಿನ ಮೇಲೆ ಕುಳಿತುಬಿಟ್ಟೆ. ಮನೆಯವರೆಗೆ ಅವರನ್ನು ನಡೆಸಿಕೊಂಡು ಹೋಗುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

“ಆಸ್ಪತ್ರೆಗೆ ಇನ್ನೆಷ್ಟು ದೂರ ಉಂಟು?”

“ಅರ್ಧ ಗಂಟೆ ನಡೆಯಬೇಕು.”

“ಹಾಗಾದರೆ ಏಳು. ನಿಮ್ಮ ಕಣ್ಣು ನಂಬಿ ಇನ್ನು ಕೂತರೆ ಮನೆಗೆ ಬೆಂಕಿ ಬಿದ್ದರೂ ನನಗೆ ಗೊತ್ತಾಗ್ಲಿಕ್ಕಿಲ್ಲ. ನನ್ನದೇ ಒಂದನ್ನು ಸರಿ ಮಾಡಿಸಿಕೊಳ್ತೇನೆ.”

ಷರತ್ತನ್ನು ನೆನಪಿಸುವುದು ಎದುರು ಪಕ್ಷದ ವಕೀಲನ ಕೆಲಸವಲ್ಲ. ನಾನು ಎದ್ದು ಹೆಗಲು ಕೊಟ್ಟೆ. ಕಾರನ್ನು ಪೊರ್ಬುಗಳ ಕಾವಲಿಗೆ ಬಿಟ್ಟು ಏರು ಹತ್ತಿದೆವು.

ಬಲಗಣ್ಣಿನ ಪೊರೆ ತೆಗೆದು ದಪ್ಪ ಗಾಜಿನ ಕನ್ನಡಕ ಕೊಟ್ಟರು. ಮನೆಗೆ ಕಳಿಸುವ ದಿನ ನಾನು ಕಾರನ್ನು ಆಸ್ಪತ್ರೆಯ ಗೇಟಿಗೆ ತಂದು ನಿಲ್ಲಿಸಿದ್ದೆ. ಅಷ್ಟರಲ್ಲಿ ಪೊರ್ಬುಗಳು ಎಲ್ಲಿಂದಲೋ ಒಂದು ನಿಜವಾದ ಕಾರ್ಕಿನ ಉಂಗುರ ದೊರಕಿಸಿದ್ದರು. ಅಮ್ಮ ಅಂಗೈಯನ್ನು ಹುಬ್ಬಿಗೆ ಮರೆಮಾಡಿ ಕಾರನ್ನು ಮುಂದಿನಿಂದ ಹಿಂದಿನವರೆಗೆ, ತುಕ್ಕಿನ ಒಂದು ಕಲೆಯನ್ನೂ ಬಿಡದೆ ನೋಡಿದರು.

“ಇದರಲ್ಲಾ ನಾನು ಬಂದದ್ದು?”

“ಹೌದಮ್ಮ. ಅರ್ಧ ದಾರಿ.”

“ಕಣ್ಣು ಕಾಣದಿದ್ದಾಗ ಕೂತೆ. ಈಗ ಒಂದು ಜಟಕಾ ಕರಿ.”

ಕರೆದೆ. ಜಟಕಾ ಮುಂದೆ ಹೋಯಿತು. ನಾನು ಖಾಲಿ ಕಾರಿನಲ್ಲಿ ಹಿಂದೆ ಬಂದೆ. ಜಟಕಾದವನು ಆಗಾಗ ಕುದುರೆಯನ್ನು ನಿಲ್ಲಿಸಿ, ನಾನು ಬರುತ್ತಿದ್ದೇನೆಯೇ ಎಂದು ತಿರುಗಿ ನೋಡುತ್ತಿದ್ದ.