ಗಾಜಿನ ಪೆಟ್ಟಿಗೆಯಲ್ಲಿ ಕಂಡ ಬೋಳ

ಟಿಂಕರ್ ಕೆಲಸದವನಿಗೆ ಕಿವಿ ಬೇಗ ಹೋಗುತ್ತದೆ, ಸಿಟ್ಟು ಬೇಗ ಬರುತ್ತದೆ. ದಿನವಿಡೀ ತಗಡು ಬಡಿಯುವವನು ಮೆಲ್ಲಗೆ ಮಾತಾಡುವುದನ್ನು ಎಲ್ಲಿಂದ ಕಲಿಯಬೇಕು? ಈ ಮನುಷ್ಯನೂ ಹಾಗೇ. ಅಕ್ಷರ ಕೂಡಿಸಿ ಓದಲು ಬರುವ ಹೊತ್ತಿಗೆ ಶಾಲೆ ಬಿಟ್ಟು ಸುತ್ತಿಗೆ ಹಿಡಿದವನು, ತಲೆ ನರೆಯುವ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸ್ವಂತ ಶೆಡ್ಡು ಹಾಕಿಕೊಂಡಿದ್ದ. ಗುದ್ದಿಸಿಕೊಂಡು ಬಂದ ಕಾರು, ವ್ಯಾನುಗಳ ಬಾಗಿಲು, ಬಾನೆಟ್ಟುಗಳನ್ನು ಬಡಿದು ಮೊದಲಿನಂತೆ ಮಾಡಿಕೊಡುವುದು ಅವನ ಕಸುಬು. ಓಣಿಯವರಿಗೆಲ್ಲ ಅವನು ಟಿಂಕರಣ್ಣ. ಅವನ ಬಾಯಿಗೆ ಹೆದರಿ ಗಿರಾಕಿಗಳು ಗಾಡಿ ಬಿಟ್ಟು ದೂರ ಹೋಗಿ ನಿಲ್ಲುತ್ತಿದ್ದರು. ಆದರೂ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು, ಏಕೆಂದರೆ ಕೆಲಸ ಬೆಣ್ಣೆಯಂತಿರುತ್ತಿತ್ತು.

ಬೈಗುಳದ ದೊಡ್ಡ ಪಾಲು ಮಾತ್ರ ಜೊತೆಯಲ್ಲೇ ದುಡಿಯುವ ತಮ್ಮನಿಗೆ ಮೀಸಲು.

ಆ ಬೆಣ್ಣೆಯಂಥ ಕೆಲಸದಲ್ಲಿ ಅರ್ಧ ಹೆಸರು ಬೋಳನಿಗೆ ಸಲ್ಲಬೇಕು. ಬೋಳ ಅಂದರೆ ಮನುಷ್ಯನಲ್ಲ. ಶೆಡ್ಡಿನ ನಡುವೆ ಒಂದು ಮರದ ದಿಮ್ಮಿ, ಅದರೊಳಗೆ ಬುಡ ಹುಗಿದು ನಿಲ್ಲಿಸಿದ, ಸೊಂಟದ ಕೆಳಗೆ ತಾಮ್ರದ ಪಟ್ಟಿ ಸುತ್ತಿದ ಒಂದು ಉಕ್ಕಿನ ಗುಂಡುತಲೆ. ಒಳಕ್ಕೆ ಹೋದ ತಗಡನ್ನು ಅದರ ಮೇಲಿಟ್ಟು ಬಡಿದರೆ ಎಂಥ ತಗ್ಗೂ ಹೇಳಿದ ಮಾತು ಕೇಳುತ್ತಿತ್ತು. ಶೆಡ್ಡು ಹಾಕಿದ ಹೊಸದರಲ್ಲಿ ಗುಜರಿ ಅಂಗಡಿಯ ರಾಶಿಯಿಂದ ಎಳೆದು ತಂದದ್ದು. “ಯಾವುದೋ ಹಳೇ ಮಿಷನ್ನಿಂದು ಇರ್ಬೇಕು, ತಗೊಂಡ್ಹೋಗು” ಎಂದಿದ್ದ ಗುಜರಿಯವನು. ಅಣ್ಣ ತಮ್ಮ ಇಬ್ಬರೂ ಬಡಿದು ಬಡಿದು ಅದರ ನೆತ್ತಿ ಕನ್ನಡಿಯಾಗಿತ್ತು. ಅದಕ್ಕೇ ಬೋಳ.

ಆ ಭಾನುವಾರ ಟಿಂಕರಣ್ಣ ಹೆಂಡತಿ ಮಗಳನ್ನು ಕರೆದುಕೊಂಡು ಸೇನೆಯ ಮ್ಯೂಸಿಯಮ್ಮಿಗೆ ಹೊರಟ. ಊರಿನ ಆಚೆ ತುದಿಯಲ್ಲಿ ದೇಶಕ್ಕೇ ದೊಡ್ಡದೆನಿಸಿದ ಮ್ಯೂಸಿಯಂ. “ಎಲ್ಲೆಲ್ಲಿಂದಲೋ ಬಂದವ್ರು ನೋಡ್ಕೊಂಡು ಹೋಗ್ತಾರೆ. ಇಲ್ಲೇ ಇದ್ದು ನಾವು ಗೇಟು ಕೂಡ ನೋಡಿಲ್ಲ” ಎಂದು ಹೆಂಡತಿ ಕೊರೆದೂ ಕೊರೆದೂ ಒಪ್ಪಿಸಿದ್ದಳು. ಆದರೆ ಒಂದು ವ್ಯಾನಿನ ಬಾಗಿಲು ಸಂಜೆಯೊಳಗೆ ಆಗಬೇಕಿತ್ತು. ಅದು ತಮ್ಮನ ತಲೆಗೆ ಬಿತ್ತು.

“ನೀನು ಪ್ಯಾಂಟು ಇಸ್ತ್ರಿ ಮಾಡ್ಕೊಂಡು ತಿರುಗೋಕೆ ಹೋಗು. ನಾನು ಇಲ್ಲಿ ಕತ್ತೆ ದುಡಿದ ಹಾಗೆ ದುಡೀತೀನಿ” ಎಂದ ತಮ್ಮ.

“ದುಡೀದೆ ಇನ್ನೇನು ಮಾಡ್ತೀಯೋ? ಹೊಡೆಯೋಕೆ ನೆಟ್ಟಗೆ ಬರಲ್ಲ, ಬಾಯಿ ಮಾತ್ರ ಮೊಳ ಉದ್ದ! ಹೆಂಗಸರು ರೊಟ್ಟಿ ತಟ್ಟಿದ ಹಾಗೆ ತಟ್ಟಬೇಡ. ಬೋಳನ ಮೇಲಿಟ್ಟು ಗಂಡಸಿನ ಹಾಗೆ ಹೊಡಿ.”

ತಮ್ಮನ ಮುಖ ಕಪ್ಪಿಟ್ಟಿತು. ಟಿಂಕರಣ್ಣ ತಿರುಗಿಯೂ ನೋಡದೆ ಬಸ್ಸು ಹತ್ತಿದ.

ಮ್ಯೂಸಿಯಮ್ಮಿನ ಬಾಗಿಲಲ್ಲೇ ಫೋನು ಇಸಿದುಕೊಂಡು ಟೋಕನ್ನು ಕೊಟ್ಟರು. ಹೊರಗಿನ ಅಂಗಳದಲ್ಲಿ ಟ್ಯಾಂಕುಗಳಿದ್ದವು. ಟಿಂಕರಣ್ಣ ಒಂದರ ಮೈ ತಟ್ಟಿ ನೋಡಿ, “ಇದಕ್ಕೆ ಡೆಂಟ್ ಬಿದ್ರೆ ನಾನಲ್ಲ, ನಮ್ಮಪ್ಪ ಬಂದ್ರೂ ತೆಗೆಯೋಕಾಗಲ್ಲ” ಎಂದ. ಮಗಳು ನಕ್ಕಳು.

ಒಳಗೆ ಹೋದ ಮೇಲೆ ನಗು ಅಷ್ಟಾಗಿ ಬರಲಿಲ್ಲ. ಮಂದ ಬೆಳಕು. ಗಾಜಿನ ಹಿಂದೆ ತೂತು ಬಿದ್ದ ಹೆಲ್ಮೆಟ್ಟು, ಕಂದು ಕಲೆಯ ಅಂಗಿ, ಯಾರದೋ ಅರ್ಧ ಸುಟ್ಟ ಬೂಟು. ಬೊಂಬೆಗಳಿಗೆ ಸಮವಸ್ತ್ರ ತೊಡಿಸಿ ನಿಲ್ಲಿಸಿದ್ದರು, ಅವುಗಳ ಕಣ್ಣು ಹೋದಲ್ಲೆಲ್ಲ ಹಿಂದೆ ಬರುವ ಹಾಗಿತ್ತು. ಜನ ಪಿಸುಗುಟ್ಟುತ್ತ ನಡೆಯುತ್ತಿದ್ದರು. ಅರೆ ಕಿವುಡನಾದ ಅವನಿಗೆ ಏನೂ ಕೇಳಿಸದೆ, ನೀರಿನಡಿ ನಡೆದಂತೆ ಆಗುತ್ತಿತ್ತು. ಬೇಗ ಹೊರಗೆ ಹೋದರೆ ಸಾಕಪ್ಪಾ ಎಂದುಕೊಳ್ಳುವಾಗ ಮುಂದಿನ ಕೋಣೆಯಿಂದ ಮಗಳು ಕೂಗಿದಳು.

“ಅಪ್ಪಾ, ಬಾ ಇಲ್ಲಿ! ನಮ್ಮ ಬೋಳ ಇಲ್ಲಿದ್ದಾನೆ!”

ಗಾಜಿನ ಪೆಟ್ಟಿಗೆಯಲ್ಲಿ ಬೋಳ ಇದ್ದ. ಅದೇ ಗುಂಡುತಲೆ, ಅದೇ ದಪ್ಪ. ಸೊಂಟದ ಕೆಳಗೆ ಅದೇ ತಾಮ್ರದ ಪಟ್ಟಿ. ಪಕ್ಕದಲ್ಲಿ ಅಂಥದ್ದೇ ಇನ್ನೊಂದನ್ನು ಉದ್ದಕ್ಕೆ ಸೀಳಿ ಇಟ್ಟಿದ್ದರು. ತಲೆಯಷ್ಟೂ ಗಟ್ಟಿ ಉಕ್ಕು, ಬುಡದಲ್ಲಿ ಒಂದು ಪೊಳ್ಳು. ಪೊಳ್ಳಿಗೆ ಹಳದಿ ಬಣ್ಣ ಬಳಿದಿದ್ದರು.

“ಓದು” ಎಂದ ಮಗಳಿಗೆ. ಅವನಿಗೆ ಅಕ್ಷರಗಳು ಕುಣಿಯುತ್ತಿದ್ದವು.

“ಟ್ಯಾಂಕಿನ ಕವಚ ಸೀಳುವ ಫಿರಂಗಿ ಶೆಲ್. ಬುಡದಲ್ಲಿ ಸ್ಫೋಟಕ…” ಮಗಳು ನಿಲ್ಲಿಸಿ ಅಪ್ಪನ ಮುಖ ನೋಡಿದಳು.

ಮೂಲೆಯಲ್ಲಿ ಒಬ್ಬ ನಿವೃತ್ತ ಸೈನಿಕ, ಬಂದವರಿಗೆ ವಿವರ ಹೇಳುವವನು, ಕುರ್ಚಿಯಲ್ಲಿ ಕೂತಿದ್ದ. ಟಿಂಕರಣ್ಣ ಅವನ ಬಳಿ ಹೋಗಿ ಕೇಳಿದ. “ಸಾರ್, ಇಂಥದ್ದು ಸಿಡೀದೆ ಹಾಗೇ ಉಳ್ಕೊಂಡಿದ್ರೆ? ಹಳೇದಾದ್ರೆ ಒಳಗಿನ ಮದ್ದು ಸತ್ತು ಹೋಗುತ್ತೆ ಅಲ್ವಾ?”

“ಎಲ್ಲಿ ಸಾಯುತ್ತೆ? ಹಳೇದಾದಷ್ಟೂ ಕೆಟ್ಟದ್ದು. ಮದ್ದು ಸಿಡಿಸೋ ಒಳಗಿನ ಕೀಲಿಗೆ ತುಕ್ಕು ಹಿಡಿದಿರುತ್ತೆ. ಇವತ್ತು ಸುಮ್ಮನಿರುತ್ತೆ, ನಾಳೆನೂ ಸುಮ್ಮನಿರುತ್ತೆ, ಯಾವತ್ತೋ ಒಂದು ದಿನ ಇರಲ್ಲ.”

“ತಲೆ ಮೇಲೆ ಹೊಡೆದ್ರೆ?”

ಸೈನಿಕ ನಕ್ಕ. “ಅದರ ತಲೆ ಮೇಲೆ ಯಾರು ಹೊಡೀತಾರಪ್ಪಾ, ತಲೆ ಕೆಟ್ಟವ್ನಾ?” ಎಂದವನು, ಎದುರಿಗೆ ನಿಂತವನ ತುಟಿ ಬೆಳ್ಳಗಾದದ್ದು ನೋಡಿ ಎದ್ದು ನಿಂತ. “ಎಲ್ಲಿದೆ ಅದು?”

ಎಲ್ಲಿದೆ! ಟಿಂಕರಣ್ಣನಿಗೆ ಒಂದೊಂದೇ ನೆನಪಾಗತೊಡಗಿತು. ತಾಮ್ರ ಸಿಗುತ್ತದೆಂದು ಆ ಪಟ್ಟಿಗೆ ಉಳಿ ಇಟ್ಟು ಹೊಡೆದದ್ದು. ದಿಮ್ಮಿಯಲ್ಲಿ ಅಲುಗಾಡುತ್ತದೆಂದು ಗ್ಯಾಸಿನ ಬೆಂಕಿ ಹಿಡಿದು ಬೆಸುಗೆ ಹಾಕಲು ನೋಡಿದ್ದು. ಈ ಮಗಳು ಕೂಸಾಗಿದ್ದಾಗ ಅದರ ಮೇಲೆ ಕೂರಿಸಿ, “ನೋಡು, ಸಿಂಹಾಸನ” ಎಂದದ್ದು. ಈಗ, ಈ ಹೊತ್ತಿನಲ್ಲಿ, ಗಂಡಸಿನ ಹಾಗೆ ಹೊಡಿ ಎನ್ನಿಸಿಕೊಂಡ ತಮ್ಮ ಅಲ್ಲಿ ಸುತ್ತಿಗೆ ಎತ್ತುತ್ತಿದ್ದಾನೆ.

“ಪೊಲೀಸಿಗೆ ಹೇಳಿ ಸಾರ್, ಬಸ್‌ಸ್ಟ್ಯಾಂಡ್ ಹಿಂದಿನ ಓಣಿ, ಟಿಂಕರ್ ಶೆಡ್ಡು” ಎಂದವನೇ ಓಡಿದ.

ಬಂದ ದಾರಿಯಲ್ಲೇ ಹಿಂದಕ್ಕೆ, ಎದುರು ಬರುವ ಜನರನ್ನು ನೂಕಿಕೊಂಡು. “ರೀ, ಏನಾಯ್ತ್ರೀ? ಮೈ ಹುಷಾರಿಲ್ವಾ?” ಎನ್ನುತ್ತ ಹೆಂಡತಿ ಹಿಂದೆ. ಕಾವಲಿನವನು ಅಡ್ಡ ಬಂದ. ಟಿಂಕರಣ್ಣ ಅವನ ಎದೆಗೆ ಕೈ ಕೊಟ್ಟು ಸರಿಸಿದ. ಟೋಕನ್ನು ಇದ್ದದ್ದು ಹೆಂಡತಿಯ ಕೈಚೀಲದಲ್ಲಿ. ಅವಳು ಬಂದು ಮುಟ್ಟಿ, ಚೀಲ ಕೆದಕಿ, ಫೋನು ಕೈಗೆ ಬರುವಷ್ಟರಲ್ಲಿ ಅವನ ಬಟ್ಟೆ ಬೆವರಿನಲ್ಲಿ ತೊಯ್ದಿತ್ತು.

ಫೋನು ಬಡಿದುಕೊಂಡಿತು, ತಮ್ಮ ಎತ್ತಲಿಲ್ಲ. ಮತ್ತೆ ಮಾಡಿದ, ತಮ್ಮ ಕತ್ತರಿಸಿದ. ಬೆಳಗಿನ ಸಿಟ್ಟು. ಹೆಂಡತಿಯ ಫೋನಿನಿಂದ ಮಾಡಿದ್ದರೆ ಅತ್ತಿಗೆಯೆಂದು ಎತ್ತುತ್ತಿದ್ದನೇನೋ, ಅದು ಮನೆಯಲ್ಲಿ ಚಾರ್ಜಿಗೆ ಹಾಕಿದಲ್ಲೇ ಉಳಿದಿತ್ತು. ಓಣಿಯಲ್ಲಿ ಬೇರೆ ಯಾರಿಗಾದರೂ ಹೇಳೋಣವೆಂದರೆ ಭಾನುವಾರ, ಎಲ್ಲ ಅಂಗಡಿಗೂ ಬೀಗ. ಮತ್ತೆ ಮಾಡಿದ.

“ಏನು?” ಎಂದ ತಮ್ಮ. ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕಕ್ಕಿಟ್ಟಿದ್ದ. ಹಿಂದೆಯೇ ಟಣ್ ಎಂದು ಕೇಳಿಸಿತು.

“ಲೋ, ಸುತ್ತಿಗೆ ಕೆಳಗಿಡು!”

“ಬೆಳಿಗ್ಗೆ ಹೊಡಿ ಅಂದೆ, ಈಗ ಇಡು ಅಂತೀಯ. ನಿಂಗೆ ತಲೆ ನೆಟ್ಟಗಿದೆಯಾ?” ಟಣ್.

“ಬೋಳನ ಮೇಲೆ ಹೊಡೀಬೇಡ ಕಣೋ!”

“ಯಾಕೆ, ಬೋಳ ನಿಮ್ಮಪ್ಪನ ಆಸ್ತೀನಾ? ನಿಮ್ಮಪ್ಪ ನಂಗೂ ಅಪ್ಪಾನೇ.” ಟಣ್, ಟಣ್.

“ಅಯ್ಯೋ ಮುಟ್ಠಾಳ, ಅದು ಬಾಂಬು! ಇಲ್ಲಿ ಗಾಜೊಳಗೆ ಇಟ್ಟಿದ್ದಾರೆ!”

“ಹೌದೌದು. ನಂಗೆ ಹೊಡೆಯೋಕೆ ಬರಲ್ಲ, ತಗಡು ಹಾಳು ಮಾಡ್ತೀನಿ ಅಂತ ಅಲ್ಲಿಂದಲೇ ಹೆದರಿಸ್ತಿದ್ದೀಯ. ತಗೋ, ಗಂಡಸಿನ ಹಾಗೆ ಹೊಡೆಯೋದು ಕೇಳಿಸ್ಕೋ!”

ಟಣ್! ಟಣ್! ಟಣ್!

ಒಂದೊಂದು ಏಟೂ ಟಿಂಕರಣ್ಣನ ಬೆನ್ನುಹುರಿಯ ಮೇಲೆ ಬಿತ್ತು. ಬೈಯಲು ಬಾಯಿ ತೆರೆದ. ಬೈದರೆ ಇನ್ನೂ ಜೋರಾಗಿ ಹೊಡೆಯುತ್ತಾನೆ. ಕೂಗಿಕೊಂಡರೂ ಹೊಡೆಯುತ್ತಾನೆ. ಹುಟ್ಟಿದಾಗಿನಿಂದ ಅವನಿಗೆ ಗೊತ್ತಿದ್ದದ್ದು ಅದೆರಡೇ. ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಮಂಡಿಯೂರಿ ಕುಳಿತು, ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡ.

“ಪುಟ್ಟಾ” ಎಂದ. ಮೊದಲ ಸಲ ಮೆಲ್ಲಗೆ ಮಾತಾಡಿದ. “ನಿನ್ನ ಕಾಲಿಗೆ ಬೀಳ್ತೀನಿ. ನೀನೇ ಚೆನ್ನಾಗಿ ಹೊಡೀತೀಯ, ನಾನು ಒಪ್ಪಿಕೊಂಡೆ. ಸುತ್ತಿಗೇನ ನೆಲದ ಮೇಲೆ ಮೆತ್ತಗಿಡಪ್ಪಾ. ಎದ್ದು ಓಣಿ ತುದಿಗೆ ಹೋಗು.”

ಏಟು ನಿಂತಿತು.

“ಅಣ್ಣಾ?” ತಮ್ಮನ ದನಿ ಬದಲಾಗಿತ್ತು. “ಯಾಕೆ ಹಿಂಗೆ ಮಾತಾಡ್ತಿದ್ದೀಯ? ನಂಗೆ ಹೆದರಿಕೆ ಆಗ್ತಿದೆ.”

ಅಷ್ಟರಲ್ಲಿ ಏನೋ ದಡಾರನೆ ಬಿದ್ದ ಸದ್ದು. ಫೋನು ಸತ್ತಿತು.

ಟಿಂಕರಣ್ಣ ಹೆಂಡತಿ ಮಗಳೊಂದಿಗೆ ಆಟೋ ಹತ್ತಿದ. ಬಸ್‌ಸ್ಟ್ಯಾಂಡಿನ ದಿಕ್ಕಿನಲ್ಲಿ ಹೊಗೆ ಎದ್ದಿದೆಯೇ ಎಂದು ಕತ್ತು ಹೊರಗೆ ಹಾಕಿ ನೋಡುತ್ತಲೇ ಇದ್ದ. ಎಲ್ಲೋ ಒಂದು ಅಡುಗೆಮನೆಯ ಹೊಗೆಗೊಳವೆ ಕಂಡರೂ ಆಟೋದವನ ಹೆಗಲು ತಟ್ಟಿ ಅವಸರಿಸುತ್ತಿದ್ದ. ಹೆಂಡತಿಗೆ ವಿಷಯ ತಿಳಿದಾಗಿನಿಂದ ಅವಳು ಮಗಳನ್ನು ಬಿಗಿಯಾಗಿ ಅಪ್ಪಿಕೊಂಡಿದ್ದಳು. ಒಂದೇ ಸಲ, “ಇವಳನ್ನ ಕೂರಿಸ್ತಿದ್ರಿ ಅದರ ಮೇಲೆ” ಎಂದಳು.

ಓಣಿಯ ತುದಿಯಲ್ಲಿ ಪೊಲೀಸರು ಹಗ್ಗ ಕಟ್ಟುತ್ತಿದ್ದರು. ಹಗ್ಗದ ಈಚೆ, ಚರಂಡಿಯ ಕಟ್ಟೆಯ ಮೇಲೆ, ಬರಿಗಾಲಲ್ಲಿ ತಮ್ಮ ಕೂತಿದ್ದ. ಗಾಬರಿಯಲ್ಲಿ ಏಳುವಾಗ ವ್ಯಾನಿನ ಬಾಗಿಲು ಜಾರಿ ಫೋನಿನ ಮೇಲೇ ಬಿದ್ದಿತ್ತಂತೆ. ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಓಡಿ ಬಂದಿದ್ದ.

ಬಾಂಬು ನೋಡುವವರು ದಪ್ಪ ಅಂಗಿ ತೊಟ್ಟು ಬಂದರು. ಬೋಳನನ್ನು ದಿಮ್ಮಿ ಸಮೇತ ಮರಳು ತುಂಬಿದ ಲಾರಿಗೆ ಏರಿಸಿ, ಕೂಸನ್ನು ಮಲಗಿಸುವಂತೆ ಮಲಗಿಸಿದರು. ಅವರ ಮುಖ್ಯಸ್ಥ ಹೇಳಿದ: “ಪಾಳು ಬಿದ್ದ ಕಲ್ಲು ಕ್ವಾರಿಗೆ ಒಯ್ದು, ನಮ್ಮ ಚಿಕ್ಕ ಮದ್ದು ಇಟ್ಟು ಉಡಾಯಿಸ್ತೀವಿ. ಒಳಗೆ ಖಾಲಿ ಇದ್ರೆ ಪಟಾಕಿಯಷ್ಟೇ ಸದ್ದು. ನಿಮಗೆ ಇಲ್ಲಿಗೆ ಕೇಳಿಸೋದೂ ಇಲ್ಲ.”

ಮಧ್ಯಾಹ್ನವೆಲ್ಲ ಅಣ್ಣ ತಮ್ಮ ಆ ಕಟ್ಟೆಯ ಮೇಲೇ ಕೂತರು. ಏನೂ ಕೇಳಿಸದಿರಲಿ ಎಂದು ಟಿಂಕರಣ್ಣ ಬೇಡಿಕೊಳ್ಳುತ್ತಿದ್ದ. ಖಾಲಿಯಾಗಿದ್ದರೆ ಸಾಕು. ಇಷ್ಟು ವರ್ಷ ಬಡಿದದ್ದೆಲ್ಲ ಬರೀ ಕಬ್ಬಿಣ ಎಂದಾಗಿಬಿಟ್ಟರೆ ಸಾಕು.

ಬಿಸಿಲು ಇಳಿಯುವಾಗ ಕಟ್ಟೆಯ ಕಲ್ಲು ನಡುಗಿತು. ಆಮೇಲೆ ಸದ್ದು ಬಂತು. ಅರೆ ಕಿವುಡನಿಗೂ ಕೇಳಿಸಿತು. ಎದುರು ಮನೆಯ ಕಿಟಕಿ ಗಾಜುಗಳು ಗಡಗಡ ಎಂದವು. ಎಲ್ಲೋ ನಾಯಿ ಊಳಿಟ್ಟಿತು.

ಟಿಂಕರಣ್ಣ ತಮ್ಮನ ಕಡೆ ತಿರುಗಿ ಕೇಳಿದ. “ನಾನು ಫೋನಲ್ಲಿ ಇದ್ದಾಗ… ಹೆಂಗೆ ಹೊಡೆದೆ?”

ತಮ್ಮ ತನ್ನ ಅಂಗೈ ನೋಡಿಕೊಂಡ. “ಜೋರಾಗೇ ಹೊಡೆದೆ ಅಣ್ಣ. ನಿನ್ನ ಮೇಲಿನ ಸಿಟ್ಟಿಗೆ. ಯಾವತ್ತೂ ಹಂಗೆ ಹೊಡೆದಿರಲಿಲ್ಲ.”

ಟಿಂಕರಣ್ಣ ಕೈ ಎತ್ತಿದ. ಬೇರೆ ದಿನವಾಗಿದ್ದರೆ ಅದು ತಮ್ಮನ ಬೆನ್ನಿನ ಮೇಲೆ ಬೀಳುತ್ತಿತ್ತು. ಈಗ ಅದು ತಮ್ಮನ ಅಂಗಿಯ ತುದಿಯನ್ನು ಹಿಡಿದುಕೊಂಡಿತು. ಕತ್ತಲಾಗಿ, ಹೆಂಡತಿ ಬಂದು ಮನೆಗೆ ಕರೆದರೂ ಬಿಡಲಿಲ್ಲ.